ಬೇರಿಂಗ್ ಕಂಪನದಿಂದ ಬ್ಲೇಡಿನ ಒತ್ತಡ ತಿಳಿಯೋದಿಲ್ರಿ

ಸರ, ಆಲಮಟ್ಟಿಯ ಜಲವಿದ್ಯುತ್ ಕೇಂದ್ರದ 55 ಮೆಗಾವ್ಯಾಟ್ ಕಪ್ಲಾನ್ ಟರ್ಬೈನ್‌ನಂಥ ಯಂತ್ರ ಓಡುವಾಗ ಬ್ಲೇಡಿನ ಒತ್ತಡ ಅಳೆಯಲು ಬೇರಿಂಗ್ ಕಂಪನ ಸಾಕೇ ಅಂತ ಕೇಳೀರಿ. ಸಾಲೂದಿಲ್ರಿ. ಬ್ಲೇಡಿನ ಬುಡದ ತಿರುವಿನಲ್ಲೇ ಸ್ಟ್ರೇನ್ ಗೇಜ್ (ಲೋಹ ಎಷ್ಟು ಹಿಗ್ಗಿತು, ಕುಗ್ಗಿತು ಅಂತ ಅಳೆಯುವ ತೆಳು ಪಟ್ಟಿ) ಅಂಟಿಸಬೇಕು. ಒತ್ತಡದ ದಿಕ್ಕು ಖಚಿತವಿಲ್ಲದಿದ್ದರೆ ರೋಸೆಟ್, ಅಂದರೆ ಬೇರೆ ಬೇರೆ ದಿಕ್ಕಿಗೆ ಇಟ್ಟ ಮೂರು ಗೇಜಿನ ಗುಂಪು, ಹಾಕ್ರಿ. ವಿದ್ಯುತ್ ರೋಧ 350 ಓಮ್‌ನದ್ದು ತಗೊಳ್ರಿ.

ಗೇಜ್ ಕೆಡೋದು ಹೆಚ್ಚಾಗಿ ನೀರಿನಿಂದ. ಹೊದಿಕೆಯ ಅಂಚಿನಿಂದಲೋ ಕೇಬಲ್ ಹೊರಬರುವ ಕಡೆಯಿಂದಲೋ ತೇವ ನುಗ್ಗಿ ಸೊನ್ನೆ (ಹೊರೆ ಇಲ್ಲದಾಗಿನ ಅಂಕಿ) ಸರಿಯುತ್ತದೆ. ಆಮೇಲಿನ ಅಂಕಿ ನಂಬೂ ಹಂಗಿಲ್ಲ. ಟರ್ಬೈನಿಗೆ ನೀರು ತುಂಬುವ ಮೊದಲು, ಖಾಲಿ ಮಾಡಿದ ಮೇಲೆ ಎರಡೂ ಸಲ ಸೊನ್ನೆ ಬರೆದಿಡ್ರಿ. ನಿರೋಧನ (ಇನ್ಸುಲೇಶನ್) ನೋಡಲು 500 ವೋಲ್ಟಿನ ಮೆಗ್ಗರ್ ಉಪಕರಣ ಹಚ್ಚಲೇಬ್ಯಾಡ್ರಿ, ಗೇಜೇ ಹಾಳಾದೀತು.

ಕಪ್ಲಾನ್ ಬ್ಲೇಡಿನ ಕೋನ ಬದಲಾಗುವುದರಿಂದ ಬುಡದಲ್ಲಿ ಕೇಬಲ್ ಸ್ವಲ್ಪ ಸಡಿಲ ಇರಲಿ. ಅಂಕಿ ದಾಖಲಿಸುವ ರೆಕಾರ್ಡರ್ ರನ್ನರ್ ಕೋನ್ (ಬ್ಲೇಡುಗಳ ನಡುವಿನ ತಿರುಗುವ ಭಾಗದ ಕೆಳಗಿನ ಶಂಕು) ಒಳಗೆ ಇರಲಿ. ಒಂದೇ ದಿಕ್ಕಿನ ಒತ್ತಡವಾದರೆ ಸ್ಟೀಲಿನಲ್ಲಿ 100 ಮೈಕ್ರೋಸ್ಟ್ರೇನ್ (ಉದ್ದದಲ್ಲಿ ಹತ್ತು ಸಾವಿರಕ್ಕೆ ಒಂದು ಪಾಲು ಬದಲಾವಣೆ) ಅಂದರೆ ಸುಮಾರು 20 ಮೆಗಾಪ್ಯಾಸ್ಕಲ್ ಒತ್ತಡ. ಪೂರ್ಣ ಲೋಡಷ್ಟೇ ಅಲ್ಲ, ಚಾಲೂ ಆಗುವಾಗ, ಟ್ರಿಪ್ ಆಗುವಾಗ ತಪ್ಪದೆ ದಾಖಲಿಸ್ರಿ.