ಸಂಪಾದಕರ ಉತ್ತರ: ಪೆಲಾಜಿಯಸ್ ಅಷ್ಟೊಂದು ಕರುಣಾಳುವೇ?

(ಹಾಸನದ ಓದುಗರೊಬ್ಬರ ಪತ್ರದ ಸಾರ: "ಕಳೆದ ಸಂಚಿಕೆಯಲ್ಲಿ ಜರ್ಮನಿಯ ಪ್ರಾಟೆಸ್ಟಂಟ್ ಸುಧಾರಕ ಲೂಥರ್‌ನ ಬಗೆಗಿನ ಲೇಖನ ಓದಿದೆ. ಮನುಷ್ಯನ ಇಚ್ಛೆಗೆ ಸ್ವಾತಂತ್ರ್ಯವೇ ಇಲ್ಲ ಎಂದು ಸಾರಿ ಲೂಥರ್ ನಮ್ಮನ್ನೆಲ್ಲ ಸೂತ್ರದ ಗೊಂಬೆ ಮಾಡಿಬಿಟ್ಟ. ಪ್ರಯತ್ನಪಟ್ಟರೆ ಯಾರೂ ಒಳ್ಳೆಯವರಾಗಬಹುದು ಎಂದ ಐದನೆಯ ಶತಮಾನದ ಕ್ರೈಸ್ತ ಬೋಧಕ ಪೆಲಾಜಿಯಸ್ ಅವನಿಗಿಂತ ಎಷ್ಟೋ ಮಾನವೀಯ; ಅಂಥವನನ್ನು ಧರ್ಮಭ್ರಷ್ಟನೆಂದು ಓಡಿಸಿದರು. ರಕ್ಷಣೆ ಹೊಂದುವವರನ್ನು ದೇವರು ಮೊದಲೇ ಆರಿಸಿಬಿಟ್ಟಿದ್ದರೆ ಪ್ರಾರ್ಥನೆ ಏಕೆ, ಬೋಧನೆ ಏಕೆ? ನಮ್ಮಲ್ಲಿ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಎಂದು ಎರಡು ಮಾತಿನಲ್ಲಿ ಮುಗಿದದ್ದನ್ನು ಅವರು ಸಾವಿರದೈನೂರು ವರ್ಷ ಎಳೆದಾಡಿದ್ದಾರೆ. ಈ ಚರ್ಚೆಯನ್ನು ಇಲ್ಲಿಗೇ ನಿಲ್ಲಿಸಿ.")

ಮಾನ್ಯರೇ,

ನಮ್ಮಲ್ಲಿ ಇದು ಎರಡು ಮಾತಿನಲ್ಲಿ ಮುಗಿಯಿತು ಎಂದಿದ್ದೀರಿ. ಎಲ್ಲಿ ಮುಗಿಯಿತು? ತಾಯಿಯನ್ನು ತಾನಾಗಿ ಅವುಚಿಕೊಳ್ಳುವ ಕೋತಿಮರಿಯ ಪಕ್ಷ (ಮರ್ಕಟ ನ್ಯಾಯ) ಶ್ರೀವೈಷ್ಣವರಲ್ಲಿ ವಡಗಲೆಯವರದು. ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುವ ಬೆಕ್ಕಿನಮರಿಯ ಪಕ್ಷ (ಮಾರ್ಜಾಲ ನ್ಯಾಯ) ತೆಂಗಲೆಯವರದು. ಕಂಚಿಯಲ್ಲಿ ಈ ಎರಡು ಪಂಗಡದವರು ಯಾರ ಪಠಣ ನಡೆಯಬೇಕು, ಯಾವ ನಾಮ ಸರಿ ಎಂದು ಬ್ರಿಟಿಷರ ಕಾಲದಿಂದ ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯುತ್ತಲೇ ಇದ್ದಾರೆ. ಆದ್ದರಿಂದ ಎಳೆದಾಟವೆಲ್ಲ ಅವರದು, ಸಮಾಧಾನವೆಲ್ಲ ನಮ್ಮದು ಎಂಬ ಲೆಕ್ಕ ಬೇಡ.

ಹೋಲಿಕೆಯೇನೋ ದಿಟ. ಆದರೆ ಒಂದು ಹೆಜ್ಜೆಯಷ್ಟೇ ನಮ್ಮ ಜೊತೆ ಬರುತ್ತದೆ. ಕೋತಿಮರಿಗೆ ಹಿಡಿದುಕೊಳ್ಳಲು ಕೈಯಾದರೂ ಇದೆ. ಕ್ರೈಸ್ತರ ಜಗಳ ಹುಟ್ಟಿದ್ದೇ ಆ ಕೈಯ ವಿಚಾರಕ್ಕೆ: ಆದಾಮನ ಪಾಪದಿಂದ ಮನುಷ್ಯನ ಕೈಗೆ ಲಕ್ವ ಹೊಡೆದಿದೆಯೇ, ಇಲ್ಲ ಅದು ಇನ್ನೂ ಗಟ್ಟಿಯಾಗಿದೆಯೇ? ಲಕ್ವ ಹೊಡೆದಿದೆ, ಹಿಡಿದುಕೊಳ್ಳಬೇಕೆಂಬ ಆಸೆಯನ್ನೂ ದೇವರೇ ಹುಟ್ಟಿಸಬೇಕು ಎಂದವನು ಪೆಲಾಜಿಯಸ್‌ನ ಎದುರಾಳಿ ಆಗಸ್ಟೀನ್. ರಕ್ಷಣೆಗೂ ನಾಶಕ್ಕೂ ಜನರನ್ನು ದೇವರು ಮೊದಲೇ ಆರಿಸಿದ್ದಾನೆ ಎಂದ ಹದಿನಾರನೆಯ ಶತಮಾನದ ಪ್ರಾಟೆಸ್ಟಂಟ್ ಗುರು ಕಾಲ್ವಿನ್ನನನ್ನು ಓದಿದವರಿಗೆ ನಮ್ಮಲ್ಲಿ ಬೆಕ್ಕಿಗಿಂತ ಮೊದಲು ನೆನಪಾಗುವುದು ಮಧ್ವರ ತಾರತಮ್ಯ: ಮುಕ್ತಿಯೋಗ್ಯರು, ಎಂದೆಂದೂ ಹುಟ್ಟುಸಾವಿನಲ್ಲೇ ಇರುವ ನಿತ್ಯಸಂಸಾರಿಗಳು, ಕತ್ತಲೆಯ ಲೋಕಕ್ಕೆ ಹೋಗುವ ತಮೋಯೋಗ್ಯರು. ಅಲ್ಲಿಯೂ ಹೋಲಿಕೆ ಪೂರ್ತಿ ಕೂಡುವುದಿಲ್ಲ. ಮಧ್ವರಲ್ಲಿ ಜೀವದ ಯೋಗ್ಯತೆ ಅನಾದಿಯಾದ ಸ್ವಭಾವ, ಯಾರೋ ಒಂದು ದಿನ ಹೊರಡಿಸಿದ ಅಪ್ಪಣೆಯಲ್ಲ. ಕಾಲ್ವಿನ್ನನಲ್ಲಿ ಆರಿಸಲ್ಪಟ್ಟವರೂ ಬಿಟ್ಟುಹೋದವರೂ ಒಂದೇ ಮಣ್ಣು, ಒಂದೇ ಪಾಪ. ವ್ಯತ್ಯಾಸವೆಲ್ಲ ದೇವರ ಇಚ್ಛೆಯದು.

ಈಗ ನಿಮ್ಮ ಪೆಲಾಜಿಯಸ್. ಬ್ರಿಟನ್ ಮೂಲದ ಈತ ರೋಮಿನ ಸಿರಿವಂತ ಕ್ರೈಸ್ತರಿಗೆ ಶಿಸ್ತಿನ ಬದುಕನ್ನು ಕಲಿಸುತ್ತಿದ್ದ. ತಾನೂ ಹಾಗೆಯೇ ಬದುಕಿದ. ಅದನ್ನು ವಿರೋಧಿಗಳೂ ಒಪ್ಪುತ್ತಾರೆ. ಉತ್ತರ ಆಫ್ರಿಕದ ಹಿಪ್ಪೊ ನಗರದ, ಅಂದರೆ ಇಂದಿನ ಅಲ್ಜೀರಿಯದ ಅನ್ನಾಬಾದ, ಬಿಷಪ್ ಆಗಸ್ಟೀನ್ ತನ್ನ 'ಕನ್ಫೆಷನ್ಸ್'ನ ಹತ್ತನೆಯ ಭಾಗದಲ್ಲಿ ದೇವರಿಗೆ ಹೀಗೆ ಮೊರೆಯಿಟ್ಟಿದ್ದ: ನೀನು ಏನನ್ನು ಆಜ್ಞಾಪಿಸುತ್ತೀಯೋ ಅದನ್ನು ನೀನೇ ಕೊಡು, ಆಮೇಲೆ ಏನು ಬೇಕಾದರೂ ಆಜ್ಞಾಪಿಸು. ಈ ಮಾತನ್ನು ಯಾರೋ ತನ್ನೆದುರು ಹೇಳಿದಾಗ ಪೆಲಾಜಿಯಸ್ ಸಿಡಿದೆದ್ದ. ದೇವರೇ ಎಲ್ಲವನ್ನೂ ಕೊಡಬೇಕಾದರೆ ಸೋಮಾರಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೇ? ಮಾಡಲಾಗದ್ದನ್ನು ಮಾಡು ಎನ್ನುವಷ್ಟು ಅನ್ಯಾಯಗಾರನೇ ದೇವರು? ಸುಮಾರು 413ರಲ್ಲಿ, ಕನ್ಯಾವ್ರತ ತೊಟ್ಟ ದೆಮೆಟ್ರಿಯಾಸ್ ಎಂಬ ಶ್ರೀಮಂತ ಮನೆತನದ ಹುಡುಗಿಗೆ ಬರೆದ ಉದ್ದನೆಯ ಪತ್ರದಲ್ಲಿ, ಮೊದಲು ಮನುಷ್ಯ ಸ್ವಭಾವಕ್ಕೆ ಎಷ್ಟು ಶಕ್ತಿಯಿದೆ ಎಂಬುದನ್ನು ತೋರಿಸಿಯೇ ತಾನು ನೀತಿಯ ಮಾತಿಗೆ ಇಳಿಯುವುದು ಎಂದಿದ್ದಾನೆ. ಕೃಪೆಯನ್ನು ಅವನು ಅಲ್ಲಗಳೆದವನಲ್ಲ. ದೇವರು ಕೊಟ್ಟ ಸ್ವತಂತ್ರ ಇಚ್ಛೆ, ಧರ್ಮಶಾಸ್ತ್ರ, ಕ್ರಿಸ್ತನ ಮಾದರಿ, ಪಾಪಕ್ಷಮೆ, ಇವೇ ಅವನಿಗೆ ಕೃಪೆ. ಇಷ್ಟು ಕೊಟ್ಟಮೇಲೆ ಉಳಿದದ್ದು ನಿನ್ನ ಕೈಯಲ್ಲಿದೆ ಎಂದ.

ನಿಮಗೆ ಇದು ಮಾನವೀಯವಾಗಿ ಕಂಡಿದೆ. ನನಗೆ ಕಾಣುವುದಿಲ್ಲ. 'ನಿನ್ನಿಂದ ಆಗುತ್ತದೆ' ಎಂಬ ಮಾತಿನ ಬೆನ್ನಿಗೇ 'ಆಗದಿದ್ದರೆ ತಪ್ಪೆಲ್ಲ ನಿನ್ನದೇ' ಎಂಬ ಮಾತು ಅಂಟಿಕೊಂಡು ಬರುತ್ತದೆ. ಪೆಲಾಜಿಯಸ್ ಅದನ್ನು ಮರೆಮಾಚಲೂ ಇಲ್ಲ. ಪರಿಪೂರ್ಣತೆ ಸಾಧ್ಯವಾದ್ದರಿಂದ ಅದು ಎಲ್ಲರಿಗೂ ಕಡ್ಡಾಯ. ಅಂತಿಮ ತೀರ್ಪಿನಲ್ಲಿ ಪಾಪಿಗಳಿಗೆ ಮಾಫಿಯಿಲ್ಲ. ಗಟ್ಟಿ ಮನಸ್ಸಿನವರಿಗೆ ಇದು ಹುರಿದುಂಬಿಸುವ ಧರ್ಮ. ಹೆಂಡತಿ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಕುಡಿಯುವುದಿಲ್ಲವೆಂದು ಆಣೆಯಿಟ್ಟು, ಸಂಜೆಗೆ ಮತ್ತೆ ಅಂಗಡಿಯ ಮುಂದೆ ನಿಲ್ಲುವವನಿಗೆ ಅದರಲ್ಲಿ ಏನಿದೆ? ಆಗಸ್ಟೀನ್ ಬರೆದದ್ದು ಅಂಥವನ ಒಳಗಿನಿಂದ. ಮನಸ್ಸು ಕೈಗೆ ಅಲುಗು ಎಂದರೆ ಕೈ ಅಲುಗುತ್ತದೆ. ಅದೇ ಮನಸ್ಸು ತನಗೆ ತಾನೇ ಅಪ್ಪಣೆ ಮಾಡಿಕೊಂಡರೆ ಕೇಳುವುದಿಲ್ಲ, ಇದೆಂಥ ವಿಚಿತ್ರ ಎಂದು ಅವನು ಬೆರಗಾಗುತ್ತಾನೆ. ಇಂದು ಬೆಂಗಳೂರಿನಲ್ಲಿಯೂ ನಡೆಯುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲನೆಯದೇ, ಮದ್ಯದ ಮುಂದೆ ನಮ್ಮ ಬಲ ನಡೆಯುವುದಿಲ್ಲ ಎಂಬ ಒಪ್ಪಿಗೆ. ಆ ಕೋಣೆಗೆ ಪೆಲಾಜಿಯಸ್ ಬಂದು ಭಾಷಣ ಮಾಡಿದರೆ ಎಷ್ಟು ಜನ ಉಳಿದಾರು?

ಹಾಗಾದರೆ ಬೋಧನೆ ಏಕೆ, ಪ್ರಾರ್ಥನೆ ಏಕೆ ಎಂದು ಕೇಳಿದ್ದೀರಿ. ಈ ಪ್ರಶ್ನೆ ಆಗಸ್ಟೀನನ ಕಾಲದಲ್ಲೇ ಅವನ ಮನೆಬಾಗಿಲಿಗೆ ಬಂದಿತ್ತು. ಸುಮಾರು 426ರಲ್ಲಿ, ಈಗಿನ ಟ್ಯುನೀಷಿಯದ ಸೂಸ್ ಆಗಿರುವ ಹದ್ರುಮೆತುಮ್ ಊರಿನ ಮಠದಲ್ಲಿ ಕೆಲವರು ಅವನ ಬರಹ ಓದಿ ಪಟ್ಟು ಹಿಡಿದರು: ಒಳ್ಳೆಯ ನಡತೆ ದೇವರ ಕೊಡುಗೆಯಾದರೆ ಗುರುಗಳು ನಮ್ಮನ್ನು ಗದರಿಸುವುದೇಕೆ, ನಮಗೆ ಕೃಪೆ ಸಿಗಲೆಂದು ಪ್ರಾರ್ಥಿಸಿ ಸುಮ್ಮನಿರಲಿ! (ಮೇಲಧಿಕಾರಿಗೆ ಇಷ್ಟು ಚೆಂದದ ಉತ್ತರವನ್ನು ನಮ್ಮ ಕಚೇರಿಯಲ್ಲಿ ಯಾರೂ ಇನ್ನೂ ಕೊಟ್ಟಿಲ್ಲ.) ಆಗಸ್ಟೀನ್ ಇದಕ್ಕಾಗಿ ಒಂದು ಪುಸ್ತಕವನ್ನೇ ಬರೆದ. ಗದರಿಕೆಯೂ ಕೃಪೆ ಕೆಲಸ ಮಾಡುವ ಒಂದು ದಾರಿ. ಯಾರು ಆರಿಸಲ್ಪಟ್ಟವರೆಂದು ನಮಗೆ ತಿಳಿಯದು. ಆದ್ದರಿಂದ ಎಲ್ಲರನ್ನೂ ಪ್ರೀತಿಯಿಂದ ತಿದ್ದು. ಬೈಬಲಿನಲ್ಲಿ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ, ನಿಮ್ಮ ರಕ್ಷಣೆಗಾಗಿ ಭಯದಿಂದ, ನಡುಕದಿಂದ ದುಡಿಯಿರಿ ಎಂದವನು, ಅದೇ ಉಸಿರಿನಲ್ಲಿ ನಿಮ್ಮೊಳಗೆ ಇಚ್ಛೆಯನ್ನೂ ಕ್ರಿಯೆಯನ್ನೂ ಉಂಟುಮಾಡುವವನು ದೇವರೇ ಎನ್ನುತ್ತಾನೆ. ಒಂದು ಪಕ್ಷ ಮೊದಲ ವಾಕ್ಯವನ್ನು ಹಿಡಿಯಿತು, ಇನ್ನೊಂದು ಎರಡನೆಯದನ್ನು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಎರಡನ್ನೂ ಒಟ್ಟಿಗೆ ಇಟ್ಟುಕೊಂಡು, ಕೃಪೆಯೂ ಮನುಷ್ಯನ ಇಚ್ಛೆಯೂ ಕೂಡಿ ದುಡಿಯುತ್ತವೆ ಎಂದು ಮುಂದೆ ನಡೆದವು.

ಲೂಥರನಿಗೆ ಬರುತ್ತೇನೆ. 1524ರ ಸೆಪ್ಟೆಂಬರಿನಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನೆಲೆಸಿದ್ದ ಕ್ಯಾಥೊಲಿಕ್ ವಿದ್ವಾಂಸ ಎರಾಸ್ಮಸ್ ಸ್ವತಂತ್ರ ಇಚ್ಛೆಯನ್ನು ಸಮರ್ಥಿಸಿ ಪುಸ್ತಕ ತಂದ. (ಮುನ್ನೂರು ವರ್ಷಗಳ ಬಳಿಕ, 1834ರಲ್ಲಿ, ಮಂಗಳೂರಿಗೆ ಮಿಷನರಿಗಳು ಬಂದದ್ದು ಇದೇ ಊರಿನ ಸಂಸ್ಥೆಯಿಂದ.) ಅವನದು ಹದವಾದ ವಾದ: ನಡೆಯಲು ಬಾರದ ಮಗು ಬಿದ್ದಾಗ ತಂದೆ ಎತ್ತಿ ನಿಲ್ಲಿಸುತ್ತಾನೆ, ದೂರದಲ್ಲಿ ಸೇಬು ತೋರಿಸುತ್ತಾನೆ, ಕೈಹಿಡಿದು ನಡೆಸುತ್ತಾನೆ, ಸೇಬು ಸಿಕ್ಕಿದ್ದು ತಂದೆಯಿಂದಲೇ, ಆದರೂ ಮಗು ಒಂದಿಷ್ಟು ಹೆಜ್ಜೆ ಹಾಕಿದೆ. 1525ರ ಡಿಸೆಂಬರಿನಲ್ಲಿ ಲೂಥರನ ಮಾರುತ್ತರ ಬಂತು. ಮನುಷ್ಯನ ಇಚ್ಛೆ ಸವಾರಿಯ ಪ್ರಾಣಿಯಂತೆ. ದೇವರು ಏರಿದರೆ ದೇವರ ದಾರಿ, ಸೈತಾನ ಏರಿದರೆ ಸೈತಾನನ ದಾರಿ, ಸವಾರನನ್ನು ಆರಿಸುವ ಹಕ್ಕು ಅದಕ್ಕಿಲ್ಲ. ಇಡೀ ಪುಸ್ತಕ ಬೈಗುಳದಿಂದ ತುಂಬಿದೆ. ಆದರೂ ಪೋಪ್‌ಗಿರಿ, ಪಾಪವಿಮೋಚನ ಪತ್ರಗಳಂಥ ಚಿಲ್ಲರೆ ಸಂಗತಿಗಳನ್ನು ಬಿಟ್ಟು ನೇರವಾಗಿ ನನ್ನ ಕುತ್ತಿಗೆಗೆ ಕೈಹಾಕಿದವನು ನೀನೊಬ್ಬನೇ ಎಂದು ಕೊನೆಯಲ್ಲಿ ಎರಾಸ್ಮಸ್‌ನನ್ನು ಮೆಚ್ಚಿಕೊಳ್ಳುತ್ತಾನೆ.

ನಿಮ್ಮ ಪತ್ರದಲ್ಲಿ ಜಾರಿಹೋದದ್ದು ಆ ಪುಸ್ತಕದ ಕೊನೆಯ ಪುಟಗಳ ಒಂದು ತಪ್ಪೊಪ್ಪಿಗೆ. ಸ್ವತಂತ್ರ ಇಚ್ಛೆಯನ್ನು ಕೊಡುತ್ತೇನೆಂದರೂ ನನಗೆ ಬೇಡ ಎನ್ನುತ್ತಾನೆ ಲೂಥರ್. ರಕ್ಷಣೆ ನನ್ನ ಕೈಯಲ್ಲಿದ್ದರೆ ಎಷ್ಟು ಮಾಡಿದರೂ ಸಾಕಾಯಿತೇ ಎಂಬ ಕೊರೆತ ಸಾಯುವವರೆಗೂ ನಿಲ್ಲದು. ಅದು ದೇವರ ಕೈಯಲ್ಲಿರುವುದೇ ನನಗೆ ನೆಮ್ಮದಿ. ಉಪವಾಸ, ಜಾಗರಣೆ, ಪಾಪನಿವೇದನೆಗಳಲ್ಲಿ ವರ್ಷಗಟ್ಟಲೆ ತನ್ನನ್ನು ಸವೆಸಿಕೊಂಡ ಸಂನ್ಯಾಸಿಯ ಮಾತಿದು. ಇದನ್ನು ಗೊಂಬೆಯ ಮಾತೆಂದು ನಾನು ಒಪ್ಪಲಾರೆ.

ಹಾಗೆಂದು ಆಗಸ್ಟೀನನ ಪಕ್ಷಕ್ಕೆ ಪೂರ್ತಿ ಅಂಕ ಕೊಡುತ್ತಿಲ್ಲ. ಅವನ ತರ್ಕ ನಡೆಯುತ್ತ ನಡೆಯುತ್ತ, ದೀಕ್ಷಾಸ್ನಾನವಾಗದೆ ಸತ್ತ ಹಸುಗೂಸಿಗೂ ಶಿಕ್ಷೆ ತಪ್ಪದು, ಆದರೆ ಎಲ್ಲಕ್ಕಿಂತ ಸೌಮ್ಯವಾದ ಶಿಕ್ಷೆ ಎಂಬಲ್ಲಿಗೆ ಹೋಗಿ ನಿಂತಿತು. ಸೌಮ್ಯವಂತೆ! ಅಂಥ ಮಕ್ಕಳಿಗೂ ರಕ್ಷಣೆಯ ಭರವಸೆ ಇಟ್ಟುಕೊಳ್ಳಲು ಆಧಾರವಿದೆ ಎಂದು ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಹೇಳಿದ್ದು 2007ರಲ್ಲಿ. 529ರಲ್ಲಿ ಫ್ರಾನ್ಸಿನ ಆರೆಂಜ್ ಊರಿನಲ್ಲಿ ಸೇರಿದ ಸಭೆ ಹೆಚ್ಚು ವಿವೇಕ ತೋರಿತ್ತು: ನಂಬಿಕೆಯ ಮೊದಲ ಚಿಗುರೂ ಕೃಪೆಯದೇ, ಆದರೆ ದೇವರೇ ಯಾರನ್ನಾದರೂ ಕೇಡಿಗೆ ನೇಮಿಸಿದ್ದಾನೆ ಎಂದು ನಂಬುವವನಿಗೆ ಧಿಕ್ಕಾರ. ಕಾಲ್ವಿನ್ ಆ ಬೇಲಿಯನ್ನು ದಾಟಿದ. ಈ ತೀರ್ಮಾನ ಭಯ ಹುಟ್ಟಿಸುವಂಥದು ಎಂದು ತಾನೇ ಬರೆದೂ ದಾಟಿದ. ಲೂಥರನಿಗೆ ನೆಮ್ಮದಿ ತಂದ ಮಾತೇ ಕಾಲ್ವಿನ್ನನ ಅನುಯಾಯಿಗಳಲ್ಲಿ ಎಷ್ಟೋ ಜನರ ನಿದ್ದೆಗೆಡಿಸಿತು: ನಾನು ಆರಿಸಲ್ಪಟ್ಟವರಲ್ಲಿ ಇದ್ದೇನೆಯೇ?

ಇನ್ನು ಪೆಲಾಜಿಯಸ್‌ನನ್ನು ಓಡಿಸಿದ ವಿಷಯ. ಇಲ್ಲಿ ನಾನು ನಿಮ್ಮ ಕಡೆಗೇ. 415ರಲ್ಲಿ ಪ್ಯಾಲೆಸ್ಟೈನಿನ ದಿಯೋಸ್ಪೊಲಿಸ್‌ನಲ್ಲಿ ವಿಚಾರಣೆ ನಡೆಸಿದ ಬಿಷಪ್ಪರು ಅವನು ನಿರ್ದೋಷಿ ಎಂದಿದ್ದರು. 418ರಲ್ಲಿ ಕಾರ್ಥೇಜಿನ ಸಭೆ ಅವನ ಬೋಧನೆಯನ್ನು ಖಂಡಿಸಿತು. ಅದೇ ವರ್ಷ ಚಕ್ರವರ್ತಿ ಹೊನೋರಿಯಸ್ ಗಡೀಪಾರಿನ ಆಜ್ಞೆ ಹೊರಡಿಸಿದ. ಕೃಪೆಯ ಪಕ್ಷ ಗೆಲ್ಲಲು ಪೊಲೀಸರು ಬೇಕಾದದ್ದು ನಾಚಿಕೆಗೇಡು. ಹಾಲೆಂಡಿನಲ್ಲಿಯೂ ಇದೇ ಆಯಿತು. ದೇವರ ಆಯ್ಕೆಗೆ ಷರತ್ತಿದೆ, ಕೃಪೆಯನ್ನು ಮನುಷ್ಯ ತಳ್ಳಿಹಾಕಬಲ್ಲ ಎಂದು ಡಚ್ ದೇವಶಾಸ್ತ್ರಜ್ಞ ಅರ್ಮಿನಿಯಸ್‌ನ ಶಿಷ್ಯರು 1610ರಲ್ಲಿ ಐದು ಅಂಶಗಳ ಮನವಿ ಕೊಟ್ಟರು. 1618-19ರ ಡೋರ್ಟ್ ಸಭೆ ಅವರನ್ನು ಹೊರಹಾಕಿತು. ಸಭೆ ಮುಗಿಯುವ ಹೊತ್ತಿಗೇ, ಅವರಿಗೆ ಆಸರೆಯಾಗಿದ್ದ ಮುತ್ಸದ್ದಿ ಓಲ್ಡನ್‌ಬಾರ್ನವೆಲ್ಟ್‌ನ ತಲೆಯನ್ನು ಹೇಗ್ ನಗರದಲ್ಲಿ ಕಡಿದರು. ಅವನಿಗೆ ಎಪ್ಪತ್ತೊಂದು ವರ್ಷ. ಕಾರಣದಲ್ಲಿ ರಾಜಕೀಯವೇ ಹೆಚ್ಚು, ಆದರೆ ಕತ್ತಿಗೆ ಸಾಣೆ ಹಿಡಿದದ್ದು ಧರ್ಮಶಾಸ್ತ್ರ. ಫ್ರಾನ್ಸಿನಲ್ಲಿ ಆಗಸ್ಟೀನನ ಹೆಸರು ಹೇಳುತ್ತಿದ್ದ ಪೋರ್ಟ್-ರಾಯಲ್ ಮಠದ ಸಂನ್ಯಾಸಿನಿಯರನ್ನು 14ನೆಯ ಲೂಯಿ 1709ರಲ್ಲಿ ಚದುರಿಸಿ, ಬಳಿಕ ಕಟ್ಟಡಗಳನ್ನೂ ಕೆಡವಿಸಿದ. ಕತ್ತಿ ಯಾವ ಪಕ್ಷದ ಸ್ವತ್ತೂ ಆಗಿರಲಿಲ್ಲ.

ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 1607ರ ಒಂದು ನಿರ್ಧಾರ. ಯಾವ ಸನ್ನಿವೇಶದಲ್ಲಿ ಯಾರು ಏನನ್ನು ಆರಿಸಿಕೊಳ್ಳುತ್ತಾರೆ ಎಂಬುದು ದೇವರಿಗೆ ಮೊದಲೇ ಗೊತ್ತು, ಅದಕ್ಕೆ ಹೊಂದಿಸಿಯೇ ಅವನು ಕೃಪೆ ಕೊಡುತ್ತಾನೆ, ಹೀಗಾಗಿ ಸ್ವಾತಂತ್ರ್ಯವೂ ಉಳಿಯುತ್ತದೆ ಎಂದು ಸ್ಪೇನಿನ ಜೆಸ್ವಿಟ್ ಪಂಥದ ಪಾದ್ರಿ ಮೊಲಿನಾ 1588ರಲ್ಲಿ ಬರೆದ. ದೇವರು ಮನುಷ್ಯನ ನಡೆಯನ್ನು ಕಾದು ನೋಡುವವನಲ್ಲ, ಇಚ್ಛೆಯನ್ನು ಒಳಗಿನಿಂದ ಚಲಿಸುವವನು ಎಂದು ಡೊಮಿನಿಕನ್ ಪಂಥದ ಬಾನ್ಯೆಸ್ ತಿರುಗಿಬಿದ್ದ. ಜಗಳ ರೋಮಿಗೆ ಹೋಯಿತು. 1598ರಿಂದ ಹತ್ತಿರಹತ್ತಿರ ಹತ್ತು ವರ್ಷ ವಿಚಾರಣೆ ನಡೆಯಿತು. ಕೊನೆಗೆ 5ನೆಯ ಪೌಲ್ ಪೋಪರು ತೀರ್ಪನ್ನೇ ಕೊಡಲಿಲ್ಲ: ಎರಡೂ ಕಡೆಯವರು ತಮ್ಮ ಮತವನ್ನು ಬೋಧಿಸಬಹುದು, ಯಾರೂ ಇನ್ನೊಬ್ಬರ ಮತಕ್ಕೆ ಖಂಡನೆಯ ಮುದ್ರೆ ಒತ್ತಬಾರದು, ತೀರ್ಮಾನವನ್ನು ಸಮಯ ನೋಡಿ ತಿಳಿಸಲಾಗುವುದು. ಆ ಸಮಯ ಇನ್ನೂ ಬಂದಿಲ್ಲ. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸ್ವಿಟರು ಈ ಬಗೆಹರಿಯದ ವ್ಯಾಜ್ಯದ ವಾರಸುದಾರರು.

ಪ್ರಾಟೆಸ್ಟಂಟರ ಇಂಗ್ಲಿಷ್ ಕಂತು ಇನ್ನೂ ಸ್ವಾರಸ್ಯಕರ. ಪೂರ್ವನಿರ್ಣಯದ ಬೋಧನೆ ದೇವರನ್ನು ಸೈತಾನನಿಗಿಂತ ಕಡೆಯಾಗಿಸುತ್ತದೆ ಎಂದು ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1739ರಲ್ಲಿ ಗುಡುಗಿದ. ಕಾಲ್ವಿನ್ನನ ಪಕ್ಷದ ಅವನ ಗೆಳೆಯ ಜಾರ್ಜ್ ವೈಟ್‌ಫೀಲ್ಡ್ ಬಹಿರಂಗ ಪತ್ರದಲ್ಲಿ ಉತ್ತರಿಸಿದ: ಆರಿಸಲ್ಪಟ್ಟವರು ಯಾರೆಂದು ತಿಳಿಯದ ಕಾರಣದಿಂದಲೇ ಎಲ್ಲರಿಗೂ ಬೋಧಿಸಬೇಕು. ಹದ್ರುಮೆತುಮ್ ಮಠಕ್ಕೆ ಹೋದ ಉತ್ತರವೇ ಇದು. (ಬೆಂಗಳೂರಿನ ವೈಟ್‌ಫೀಲ್ಡಿಗೂ ಇವನಿಗೂ ನಂಟಿಲ್ಲ, ಅದು ಆಂಗ್ಲೋ-ಇಂಡಿಯನ್ ಸಂಘದ ವೈಟ್ ಎಂಬವರ ಹೆಸರಿನ ಊರು.) ಇಬ್ಬರೂ ದೂರವಾದರು, ಮತ್ತೆ ಮಾತಾಡಿಕೊಂಡರು, 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಅವನ ಸ್ಮರಣೆಯ ಪ್ರವಚನ ಮಾಡಿದವನು ವೆಸ್ಲಿಯೇ. ಮೈಸೂರು ಸೀಮೆಗೆ ಬಂದವರು ವೆಸ್ಲಿಯ ಕಡೆಯ ಮಿಷನರಿಗಳು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನವರ ಬೇರು ಹೆಚ್ಚಾಗಿ ಕಾಲ್ವಿನ್ನನ ಕಡೆಯದು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ ಈ ಎರಡು ಪರಂಪರೆಗಳೂ ಆಂಗ್ಲಿಕನ್ನರ ಜೊತೆಗೆ ಒಂದೇ ಮನೆ ಸೇರಿದವು. ಇಚ್ಛೆ ಸ್ವತಂತ್ರವೋ ಅಲ್ಲವೋ ಎಂಬುದು ಇತ್ಯರ್ಥವಾಗುವವರೆಗೆ ಅವರು ಕಾಯಲಿಲ್ಲ.

ಈ ಚರ್ಚೆಯನ್ನು ಇಲ್ಲಿಗೇ ನಿಲ್ಲಿಸಿ ಎಂಬ ನಿಮ್ಮ ಸಲಹೆಯನ್ನು ಒಪ್ಪಲಾಗುತ್ತಿಲ್ಲ. ಮುಂದಿನ ಎರಡು ಸಂಚಿಕೆಗಳಲ್ಲಿ ಓದುಗರ ಪತ್ರಗಳಿಗೆ ಜಾಗವಿದೆ. ಪೆಲಾಜಿಯಸ್‌ನ ಪರವಾಗಿ ನೀವು ಮತ್ತೊಮ್ಮೆ ಬರೆದರೆ ಅದನ್ನೇ ಮೊದಲು ಹಾಕುತ್ತೇವೆ. ಷರತ್ತು ಮಾತ್ರ 5ನೆಯ ಪೌಲ್ ಪೋಪರದೇ: ಎದುರು ಪಕ್ಷದವರನ್ನು ಧರ್ಮಭ್ರಷ್ಟರೆಂದು ಕರೆಯುವ ಪತ್ರಗಳನ್ನು ಪ್ರಕಟಿಸುವುದಿಲ್ಲ.

— ಸಂಪಾದಕ