ಹನ್ನೆರಡು ಸಾವು ಬೇಡ, ಒಂದು ಪ್ರೊಪೆಲ್ಲರ್ ಸಾಕು

ಪ್ರಿಯರೇ, ನಮಸ್ಕಾರ.

ನಿಮ್ಮ ‘ಗಗನಕ್ಕೆ ಬಲಿಯಾದ ವೀರರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ‘ವಿಷಾದಿಸುತ್ತೇವೆ’ ಅಂತ ಎರಡು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನಿಮ್ಮ ಮೂರನೇ ಪುಟದಲ್ಲಿ ಒಂದು ವಾಕ್ಯವಿದೆ: ‘ಪ್ರೊಪೆಲ್ಲರ್ ಸೀಳಿದ್ದರಿಂದ ವಿಮಾನ ಬಿತ್ತು.’ ಹನ್ನೆರಡು ಅಪಘಾತಗಳ ಈ ಲೇಖನದಲ್ಲಿ ವಿಮಾನ ಯಾಕೆ ಬಿತ್ತು ಅಂತ ಹೇಳುವ ವಾಕ್ಯ ಅದೊಂದೇ. ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಉಳಿದ ಹನ್ನೊಂದು ಕಡೆ ನೀವು ಏನು ಮಾಡಿದ್ದೀರಿ ನೋಡಿ. ಒಬ್ಬ ವಿಮಾನ ಹತ್ತುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ‘ಆದರೆ ವಿಧಿಯ ಬರಹವೇ ಬೇರೆಯಾಗಿತ್ತು.’ ಬೀಳುತ್ತಾನೆ, ಸಾಯುತ್ತಾನೆ, ಜಗತ್ತು ಕಂಬನಿ ಮಿಡಿಯುತ್ತದೆ. ಮುಂದಿನ ಪ್ಯಾರಾದಲ್ಲಿ ಹೆಸರು ಮತ್ತು ಊರು ಬದಲು, ಮತ್ತೆ ಅದೇ ಚಪ್ಪಾಳೆ, ಅದೇ ವಿಧಿ. ನಾಲ್ಕನೆಯವನ ಹೊತ್ತಿಗೆ ಯಾರು ಎಲ್ಲಿ ಬಿದ್ದರು ಅಂತ ನನಗೇ ಗೊಂದಲವಾಯಿತು. ಹನ್ನೆರಡು ಜನ ಸತ್ತರೂ ಓದುವವನಿಗೆ ಒಬ್ಬರ ಬಗ್ಗೆಯೂ ನೋವಾಗುವುದಿಲ್ಲ ಅಂದರೆ ಎಲ್ಲೋ ಎಡವಟ್ಟಾಗಿದೆ, ಅಲ್ವಾ?

ಮೊದಲು ತಪ್ಪುಗಳನ್ನು ಮುಗಿಸಿಬಿಡೋಣ. 1896ರಲ್ಲಿ ಜರ್ಮನಿಯ ಓಟೊ ಲಿಲಿಯೆಂಥಾಲ್ ಬಿದ್ದಿದ್ದು ಗ್ಲೈಡರ್‌ನಿಂದ. ಅದಕ್ಕೆ ಎಂಜಿನ್ ಇರಲಿಲ್ಲ. ‘ಎಂಜಿನ್ ಕೈಕೊಟ್ಟಿತು’ ಎಂಬ ನಿಮ್ಮ ವಾಕ್ಯವನ್ನು ಹೊಡೆದುಹಾಕಿ. ಥಾಮಸ್ ಸೆಲ್ಫ್‌ರಿಜ್‌ನನ್ನು ‘ಮಡಿದ ಮೊದಲ ಪೈಲಟ್’ ಎಂದಿದ್ದೀರಿ. ಎಂಜಿನ್ ಇದ್ದ ವಿಮಾನದ ಅಪಘಾತದಲ್ಲಿ ಸತ್ತ ಮೊದಲ ಮನುಷ್ಯ ಅವನೇ, ಆದರೆ ಆ ದಿನ ಅವನು ಪ್ರಯಾಣಿಕ. ಅಂಥ ವಿಮಾನ ನಡೆಸುತ್ತಲೇ ಸತ್ತ ಮೊದಲಿಗ ಫ್ರಾನ್ಸಿನ ಯೂಜೀನ್ ಲೆಫೆಬ್ರ್, 1909ರ ಸೆಪ್ಟೆಂಬರ್ 7ರಂದು, ಜುವಿಸಿಯಲ್ಲಿ. ಇನ್ನು ‘ರೈಟ್ ಸಹೋದರರಿಬ್ಬರೂ ಕೂದಲೆಳೆಯಲ್ಲಿ ಪಾರಾದರು’ ಅನ್ನುವುದಂತೂ ಪೂರಾ ತಪ್ಪು. ಸೆಲ್ಫ್‌ರಿಜ್ ಜೊತೆ ವಿಮಾನದಲ್ಲಿದ್ದದ್ದು ತಮ್ಮ ಆರ್ವಿಲ್ ಮಾತ್ರ, ಅಣ್ಣ ವಿಲ್ಬರ್ ಆಗ ಫ್ರಾನ್ಸಿನಲ್ಲಿದ್ದ.

ಹಾಗೆಯೇ ನಾಲ್ಕನೇ ಪುಟದಲ್ಲಿ ಜಾನ್ ಮೋಯ್ಸೆಂಟ್, ಆರನೇ ಪುಟದಲ್ಲಿ ಆರ್ಚ್ ಹಾಕ್ಸಿ ಬರುತ್ತಾರೆ. ಇಬ್ಬರ ಸಾವಿನ ತಾರೀಕನ್ನೂ ಕೊಟ್ಟಿದ್ದೀರಿ: 1910ರ ಡಿಸೆಂಬರ್ 31. ಒಬ್ಬ ನ್ಯೂ ಆರ್ಲಿಯನ್ಸ್‌ನಲ್ಲಿ, ಇನ್ನೊಬ್ಬ ಲಾಸ್ ಏಂಜಲಿಸ್‌ನಲ್ಲಿ, ಒಂದೇ ದಿನ! ನಿಮ್ಮ ಕೈಯಲ್ಲೇ ಇದ್ದ ಸಂಗತಿ ನಿಮ್ಮ ಕಣ್ಣಿಗೇ ಬಿದ್ದಿಲ್ಲ. ಮಾಹಿತಿ ಜೋಡಿಸುವ ಅವಸರದಲ್ಲಿ ಹೀಗಾಗುತ್ತದೆ.

ಈಗ ಆ ಪ್ರೊಪೆಲ್ಲರ್ ವಿಷಯಕ್ಕೆ ಬರುತ್ತೇನೆ. ನನ್ನ ಮಾತು ಕೇಳುವುದಾದರೆ ಹನ್ನೊಂದನ್ನು ಬಿಟ್ಟು ಇದೊಂದನ್ನೇ ಬರೆಯಿರಿ.

1908ರ ಸೆಪ್ಟೆಂಬರ್ 17, ಸಂಜೆ ಐದು ದಾಟಿದ ಹೊತ್ತು. ವಾಷಿಂಗ್ಟನ್ ನಗರದ ಪಕ್ಕ, ವರ್ಜೀನಿಯಾದ ಫೋರ್ಟ್ ಮಯರ್ ಸೇನಾ ಮೈದಾನ. ಆರ್ವಿಲ್ ರೈಟ್ ಅಮೆರಿಕದ ಸೇನೆಗೆ ತನ್ನ ವಿಮಾನವನ್ನು ತೋರಿಸುತ್ತಿದ್ದ. ಬೆಲೆ 25,000 ಡಾಲರ್. ಷರತ್ತುಗಳು ಬಿಗಿಯಾಗಿದ್ದವು: ಇಬ್ಬರನ್ನು ಹೊರಬೇಕು, ಗಂಟೆಗೆ 40 ಮೈಲಿ ವೇಗ ಬೇಕು, ಒಂದು ಗಂಟೆ ಆಕಾಶದಲ್ಲಿರಬೇಕು. ಎಂಟು ದಿನ ಹಿಂದಷ್ಟೇ ಅವನು ಒಬ್ಬನೇ ಒಂದು ಗಂಟೆಗೂ ಜಾಸ್ತಿ ಹಾರಿದ್ದ. ಅಂದರೆ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಇದನ್ನು ಹೇಳದೆ ನೇರ ಅಪಘಾತಕ್ಕೆ ಹಾರಿದರೆ ಓದುಗನಿಗೆ ಏನು ಕಳೆದುಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಪಕ್ಕದಲ್ಲಿ ಕೂತವನು ಲೆಫ್ಟಿನೆಂಟ್ ಸೆಲ್ಫ್‌ರಿಜ್, ವಯಸ್ಸು 26. ನೀವು ಅವನನ್ನು ‘ಧೀರ ಯೋಧ’ ಎಂದು ಕರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅವನು ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಟ್ಟಿದ ವಿಮಾನ ಪ್ರಯೋಗದ ತಂಡದಲ್ಲಿದ್ದವನು. ಗ್ಲೆನ್ ಕರ್ಟಿಸ್ ಕೂಡ ಅದೇ ತಂಡದವನು. ಅಂದರೆ ರೈಟ್ ಸಹೋದರರಿಗೆ ಪೈಪೋಟಿಯವರು. ಆರ್ವಿಲ್‌ಗೆ ಇವನ ಮೇಲೆ ಒಂದಿಷ್ಟೂ ನಂಬಿಕೆ ಇರಲಿಲ್ಲ. ತಮ್ಮ ಗುಟ್ಟು ತಿಳಿಯಲು ಬಂದಿದ್ದಾನೆ ಅನ್ನುವ ಅನುಮಾನ. ಇವನು ಇಲ್ಲಿಂದ ತೊಲಗಿದರೆ ಸಾಕು ಅನ್ನುವ ಅರ್ಥದಲ್ಲಿ ಅಣ್ಣನಿಗೆ ಕಾಗದವನ್ನೂ ಬರೆದಿದ್ದ. ಆದರೆ ಸೆಲ್ಫ್‌ರಿಜ್ ಸೇನೆಯ ಪರೀಕ್ಷಕರಲ್ಲೊಬ್ಬ, ಬೇಡ ಅನ್ನುವ ಹಾಗಿರಲಿಲ್ಲ. ಸದ್ಯದಲ್ಲೇ ಬೇರೆ ಕೆಲಸಕ್ಕೆ ಮಿಸೌರಿಗೆ ಹೊರಡಬೇಕಿತ್ತು, ಅದಕ್ಕೇ ಆ ದಿನ ಅವನ ಸರದಿ. ನಂಬದ ಮನುಷ್ಯನನ್ನು ಮೊಣಕೈ ತಾಗುವಷ್ಟು ಹತ್ತಿರ ಕೂರಿಸಿಕೊಂಡು ಹಾರಬೇಕು. ಇಂಥ ಸಂಗತಿ ಇರುವಾಗ ವಿಧಿಯನ್ನು ಯಾಕೆ ಕರೆಯುತ್ತೀರಿ ಸ್ವಾಮೀ?

ಮುಂದಿನದನ್ನು ನಿಧಾನವಾಗಿ ಬರೆಯಿರಿ. ಆ ವಿಮಾನಕ್ಕೆ ಎರಡು ಮರದ ಪ್ರೊಪೆಲ್ಲರ್, ಎರಡೂ ರೆಕ್ಕೆಗಳ ಹಿಂಭಾಗದಲ್ಲಿ. ಒಂದೇ ಎಂಜಿನ್, ಅದರಿಂದ ಚೈನ್ ಹಾಕಿ ಎರಡನ್ನೂ ತಿರುಗಿಸುತ್ತಿದ್ದರು. ಈ ಹಾರಾಟಕ್ಕೆ ಹಳೆಯದಕ್ಕಿಂತ ಸ್ವಲ್ಪ ಉದ್ದದ ಹೊಸ ಪ್ರೊಪೆಲ್ಲರ್ ಹಾಕಿದ್ದರು. ಮೂರು ಸುತ್ತು ಸರಾಗವಾಗಿ ಆಯಿತು. ನಾಲ್ಕನೆಯದರಲ್ಲಿ, ನೂರು ಅಡಿಗೂ ಮೇಲೆ ಇದ್ದಾಗ, ಹಿಂದೆ ಟಕ್ ಟಕ್ ಅನ್ನುವ ಸಣ್ಣ ಸದ್ದು. ಆರ್ವಿಲ್ ತಿರುಗಿ ನೋಡಿದ, ಏನೂ ಕಾಣಲಿಲ್ಲ. ಎಂಜಿನ್ ನಿಲ್ಲಿಸಿ ಇಳಿಯೋಣ ಅಂದುಕೊಂಡ. ಅಷ್ಟರಲ್ಲಿ ಎರಡು ದೊಡ್ಡ ಹೊಡೆತ.

ಆಗಿದ್ದೇನೆಂದರೆ, ಬಲಗಡೆಯ ಪ್ರೊಪೆಲ್ಲರಿನ ಒಂದು ಎಲೆ ಉದ್ದಕ್ಕೂ ಸೀಳಿ, ಗಾಳಿಯನ್ನು ತಳ್ಳುವ ಶಕ್ತಿ ಕಳೆದುಕೊಂಡಿತ್ತು. ಎದುರಿನ ಎಲೆ ಮಾತ್ರ ಮೊದಲಿನಷ್ಟೇ ಜೋರಾಗಿ ತಳ್ಳುತ್ತಿತ್ತು. ಸೀಲಿಂಗ್ ಫ್ಯಾನಿನ ಒಂದು ರೆಕ್ಕೆ ಬಗ್ಗಿದರೆ ಇಡೀ ಫ್ಯಾನ್ ತೂರಾಡುತ್ತದಲ್ಲ, ಹಾಗೆ. ಆ ಅದುರಾಟಕ್ಕೆ ಪ್ರೊಪೆಲ್ಲರ್ ತನ್ನ ಜಾಗ ಬಿಟ್ಟು ವಾಲಿತು. ಬಾಲದ ಚುಕ್ಕಾಣಿಯನ್ನು ಬಿಗಿದು ಹಿಡಿದಿದ್ದ ತಂತಿಗೆ ಬಡಿಯಿತು. ತಂತಿ ಕಿತ್ತಿತು, ಚುಕ್ಕಾಣಿ ಮಗುಚಿಕೊಂಡಿತು. ಮೂತಿ ಕೆಳಗಾಗಿ ವಿಮಾನ ನೆಲದತ್ತ ನುಗ್ಗಿತು.

ಆರ್ವಿಲ್ ಕೈಬಿಟ್ಟು ಕೂರಲಿಲ್ಲ, ಕೊನೆಯವರೆಗೂ ಹಿಡಿಕೆ ಎಳೆಯುತ್ತಲೇ ಇದ್ದ. ನೆಲಕ್ಕೆ ಸುಮಾರು 25 ಅಡಿ ಇರುವಾಗ ಮೂತಿ ಮೇಲೇಳಲು ಶುರುವಾಗಿತ್ತು. ಇನ್ನೂ ಕೆಲವು ಅಡಿ ಎತ್ತರ ಸಿಕ್ಕಿದ್ದರೆ ಬಚಾವಾಗುತ್ತಿದ್ದೆವು ಅಂತ ಆಮೇಲೆ ಅವನೇ ಬರೆದಿದ್ದಾನೆ. ಸೆಲ್ಫ್‌ರಿಜ್ ಬಾಯಿಂದ ಬಂದದ್ದು ‘ಓ! ಓ!’ ಎಂಬ ಸಣ್ಣ ಉದ್ಗಾರ ಮಾತ್ರ. ನೀವು ಅವನ ಬಾಯಲ್ಲಿ ತಾಯ್ನಾಡಿನ ಬಗ್ಗೆ ನಾಲ್ಕು ಸಾಲಿನ ಭಾಷಣ ಇಟ್ಟಿದ್ದೀರಿ. ದಯವಿಟ್ಟು ತೆಗೆಯಿರಿ. ಬೀಳುತ್ತಿರುವ ವಿಮಾನದಲ್ಲಿ ಯಾರೂ ಭಾಷಣ ಮಾಡುವುದಿಲ್ಲ.

ಸೆಲ್ಫ್‌ರಿಜ್‌ನ ತಲೆ ವಿಮಾನದ ಮರದ ಕಂಬಕ್ಕೆ ಬಡಿದು ಬುರುಡೆ ಒಡೆಯಿತು. ಎಚ್ಚರ ಬರದೆ ಅದೇ ದಿನ ರಾತ್ರಿ ತೀರಿಕೊಂಡ. ತಲೆಗೆ ಯಾವ ರಕ್ಷಣೆಯೂ ಇರಲಿಲ್ಲ. ಆಮೇಲೆ ಸೇನೆಯ ಪೈಲಟ್‌ಗಳು ಅಮೆರಿಕನ್ ಫುಟ್‌ಬಾಲ್ ಆಟಗಾರರಂಥ ದಪ್ಪ ಹೆಲ್ಮೆಟ್ ಹಾಕತೊಡಗಿದರು. ಆರ್ವಿಲ್‌ನ ತೊಡೆ ಮುರಿದಿತ್ತು, ಪಕ್ಕೆಲುಬುಗಳು ಮುರಿದಿದ್ದವು. ಏಳು ವಾರ ಆಸ್ಪತ್ರೆಯಲ್ಲಿದ್ದ. ಟೀಚರ್ ಆಗಿದ್ದ ತಂಗಿ ಕ್ಯಾಥರೀನ್ ರಜೆ ಹಾಕಿ ಬಂದು ನೋಡಿಕೊಂಡಳು. ಫ್ರಾನ್ಸಿನಲ್ಲಿದ್ದ ವಿಲ್ಬರ್, ನಾನು ಅಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ತಂಗಿಗೆ ಬರೆದ. ಹಾಗೆ ಬರೆದ ಮರುದಿನವೇ ಒಂದೂವರೆ ಗಂಟೆ ಹಾರಿ ದಾಖಲೆ ಮಾಡಿದ. ಈ ಮನುಷ್ಯನ ಮನಸ್ಸಿನಲ್ಲಿ ಏನಿತ್ತು ಅಂತ ನೀವು ಊಹಿಸಿ ಬರೆಯಬೇಕಿಲ್ಲ. ಎರಡೂ ಸಂಗತಿಗಳನ್ನು ಪಕ್ಕಪಕ್ಕ ಇಡಿ, ಸಾಕು.

ನಿಮ್ಮ ಲೇಖನ ಸೆಲ್ಫ್‌ರಿಜ್ ಸಾವಿಗೇ ನಿಲ್ಲುತ್ತದೆ. ಅಲ್ಲಿಂದ ಮುಂದಿನದೇ ನನಗೆ ಹೆಚ್ಚು ಇಷ್ಟ. ಕೆಲಸಗಾರರು ಮುರಿದ ಪ್ರೊಪೆಲ್ಲರನ್ನು ಆಸ್ಪತ್ರೆಗೆ ತಂದು ತೋರಿಸಿದರು. ಆರ್ವಿಲ್ ಮಲಗಿದ ಕಡೆಯಿಂದಲೇ ಯಾವುದು ಮೊದಲು ಮುರಿಯಿತು, ಯಾವುದು ಆಮೇಲೆ ಅಂತ ಲೆಕ್ಕ ಹಾಕಿದ. ಮರುವರ್ಷ ಅಣ್ಣ ತಮ್ಮ ಇಬ್ಬರೂ ಹೊಸ ವಿಮಾನ ತಂದು, ಅದೇ ಮೈದಾನದಲ್ಲಿ, 1909ರ ಜುಲೈನಲ್ಲಿ ಪರೀಕ್ಷೆ ಪಾಸಾದರು. ವೇಗ 40 ಮೈಲಿ ದಾಟಿದ್ದಕ್ಕೆ 5,000 ಡಾಲರ್ ಜಾಸ್ತಿ ಸಿಕ್ಕಿತು. ಸೆಲ್ಫ್‌ರಿಜ್‌ನನ್ನು ಮಣ್ಣು ಮಾಡಿದ್ದು ಆ ಮೈದಾನಕ್ಕೆ ಅಂಟಿಕೊಂಡೇ ಇರುವ ಆರ್ಲಿಂಗ್ಟನ್ ಸ್ಮಶಾನದಲ್ಲಿ.

ಹನ್ನೊಂದನ್ನೂ ಬಿಡಲು ಮನಸ್ಸಿಲ್ಲ ಅಂದರೆ ಇನ್ನೆರಡನ್ನು ಮಾತ್ರ ಇಟ್ಟುಕೊಳ್ಳಿ, ಅದೂ ಕಾರಣಕ್ಕಾಗಿ. 1910ರ ಜನವರಿಯಲ್ಲಿ ಸತ್ತ ಲಿಯಾನ್ ಡೆಲಾಗ್ರಾಂಜ್: ಹಗುರ ವಿಮಾನಕ್ಕೆ ಹೆಚ್ಚು ಶಕ್ತಿಯ ಎಂಜಿನ್ ಕೂರಿಸಿದ್ದ, ರೆಕ್ಕೆ ತಡೆಯಲಿಲ್ಲ. 1912ರಲ್ಲಿ ಬಾಸ್ಟನ್ ಬಳಿ ಸತ್ತ ಹ್ಯಾರಿಯೆಟ್ ಕ್ವಿಂಬಿ: ಸೊಂಟಕ್ಕೆ ಬೆಲ್ಟ್ ಇರಲಿಲ್ಲ, ಅವಳೂ ಜೊತೆಗಿದ್ದವನೂ ಹೊರಗೆ ಎಸೆಯಲ್ಪಟ್ಟರು. ಯಾರೂ ಇಲ್ಲದ ವಿಮಾನ ತನ್ನಷ್ಟಕ್ಕೇ ಇಳಿದು ಕೆಸರಿನಲ್ಲಿ ನಿಂತಿತು, ಅದಕ್ಕೆ ಹೆಚ್ಚೇನೂ ಆಗಿರಲಿಲ್ಲ. ನೀವು ಕ್ವಿಂಬಿಯ ಚೆಲುವಿನ ಬಗ್ಗೆ ಆರು ಸಾಲು ಬರೆದಿದ್ದೀರಿ, ಬೆಲ್ಟಿನ ಬಗ್ಗೆ ಒಂದೂ ಇಲ್ಲ.

‘ನಮ್ಮ ಋಷಿಗಳು ಸಾವಿರಾರು ವರ್ಷ ಹಿಂದೆಯೇ ವಿಮಾನ ಹಾರಿಸಿದ್ದರು’ ಎಂಬ ಕೊನೆಯ ಪ್ಯಾರಾ ಬೇಡವೇ ಬೇಡ. ನೀವು ಆಧಾರ ಕೊಟ್ಟಿರುವ ‘ವೈಮಾನಿಕ ಶಾಸ್ತ್ರ’ 20ನೇ ಶತಮಾನದ ಆರಂಭದಲ್ಲಿ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ್ದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೇ 1974ರಲ್ಲಿ ಅದರ ಚಿತ್ರಗಳನ್ನು ಪರೀಕ್ಷಿಸಿ, ಇವು ಹಾರುವಂಥವಲ್ಲ ಎಂದು ತೋರಿಸಿದ್ದಾರೆ. ಈ ಲೇಖನಕ್ಕೂ ಅದಕ್ಕೂ ಸಂಬಂಧವೂ ಇಲ್ಲ.

ನಿಮ್ಮ ಕನ್ನಡ ಚೆನ್ನಾಗಿದೆ, ಆ ಬಗ್ಗೆ ತಕರಾರಿಲ್ಲ. ‘ಜವರಾಯ’, ‘ಸಾವಿನ ರುದ್ರನರ್ತನ’ ಇವನ್ನೆಲ್ಲ ತೆಗೆದರೆ ಇನ್ನೂ ಚೆನ್ನಾಗುತ್ತದೆ.

ಒಂಬೈನೂರು ಪದಗಳೊಳಗೆ ಹೊಸದಾಗಿ ಬರೆದು ಕಳಿಸಿ. ಹಳೆಯದನ್ನೇ ತಿದ್ದಲು ಹೋಗಬೇಡಿ, ಅದೇ ವಿಧಿ ಮತ್ತೆ ನುಸುಳುತ್ತದೆ. ಪ್ರೊಪೆಲ್ಲರ್, ತಂತಿ, ಚುಕ್ಕಾಣಿ ಎಲ್ಲೆಲ್ಲಿದ್ದವು ಅಂತ ಪೆನ್ಸಿಲ್ಲಿನಲ್ಲಿ ಗೀಚಿದ ಒಂದು ಚಿತ್ರವೂ ಜೊತೆಗಿರಲಿ. ಅಂದಗೆಟ್ಟಿದ್ದರೂ ಪರವಾಗಿಲ್ಲ, ನಮ್ಮ ಕಲಾವಿದರು ಸರಿಮಾಡಿಕೊಳ್ಳುತ್ತಾರೆ.

ಇಂತಿ,
ಸಂಪಾದಕ