ಎರಡು ಸಾವಿರ ಮತ್ತು ಉದ್ರಿ ಪುಸ್ತಕ

ತಿಪಟೂರು ಕಡೆಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಮೇಷ್ಟರಾಗಿ ನಿವೃತ್ತರಾದವರು, ಈಗ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು: "ಗೃಹಲಕ್ಷ್ಮಿಯ ಎರಡು ಸಾವಿರ ಬರಲು ಶುರುವಾದ ಮೇಲೆ ತೋಟದ ಕೆಲಸಕ್ಕೆ ಹೆಂಗಸರು ಸಿಗುತ್ತಿಲ್ಲ. ಬಿಟ್ಟಿ ದುಡ್ಡು ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ. ಇದರಿಂದ ಒಂದು ಬಡವರ ಮನೆಯಾದರೂ ಸುಧಾರಿಸಿದ್ದರೆ ನಿಮ್ಮ ಪತ್ರಿಕೆ ತೋರಿಸಲಿ."

ತೋರಿಸುತ್ತೇನೆ ಮೇಷ್ಟ್ರೇ. ಅದಕ್ಕೆ ಮುಂಚೆ ನಿಮ್ಮ ಒಂದು ಮಾತು ಒಪ್ಪುತ್ತೇನೆ. ಐದು ಗ್ಯಾರಂಟಿಗಳಿಗೆ ವರ್ಷಕ್ಕೆ 50 ಸಾವಿರ ಕೋಟಿಗೂ ಜಾಸ್ತಿ ಹೋಗುತ್ತಿದೆ. ಅದಕ್ಕೆ ಲೆಕ್ಕ ಕೇಳುವುದು ತಪ್ಪಲ್ಲ.

ಈಗ ಮನೆಯ ಕಥೆ. ನಮ್ಮ ಪತ್ರಿಕೆ ಅಚ್ಚಾಗುವ ಪ್ರೆಸ್ಸಿನಲ್ಲಿ ಹಾಳೆ ಮಡಿಸಿ ಪಿನ್ ಹೊಡೆಯುವ ಹೆಂಗಸೊಬ್ಬರಿದ್ದಾರೆ. ಗಂಡ ಪೇಂಟ್ ಕೆಲಸಕ್ಕೆ ಹೋಗುತ್ತಾನೆ. ಮಳೆ ಹಿಡಿದರೆ ಕೆಲಸ ಇಲ್ಲ. ಇಬ್ಬರು ಮಕ್ಕಳು, ಒಬ್ಬರು ಅತ್ತೆ. ಇವರ ಮನೆ ನಡೆಯುತ್ತಿದ್ದದ್ದು ಕೆಂಪು ರಟ್ಟಿನ ಒಂದು ಉದ್ರಿ ಪುಸ್ತಕದ ಮೇಲೆ. ನೀವು ಸಾಲ ಅಂದರೆ ಬ್ಯಾಂಕು ಅಂದುಕೊಳ್ಳುತ್ತೀರಿ. ಬಡವರ ಮನೆಯಲ್ಲಿ ಮೊದಲ ಸಾಲ ಇರುವುದು ಮೂಲೆ ಅಂಗಡಿಯಲ್ಲಿ. ಉದ್ರಿಯಲ್ಲಿ ತಂದರೆ ಅಂಗಡಿಯವನು ಕೊಟ್ಟದ್ದೇ ಬೇಳೆ, ಹೇಳಿದ್ದೇ ರೇಟು. ತೂಕ ಕಡಿಮೆ ಅನ್ನಿಸಿದರೂ ಬಾಯಿ ಬಿಡುವ ಹಾಗಿಲ್ಲ. ಪುಸ್ತಕ ಹಿಡಿದು ಹೋಗುತ್ತಿದ್ದವಳು ಮಗಳು. ಕಾಸು ಕೊಡುವವರೆಲ್ಲ ಹೋಗುವ ತನಕ ಆ ಹುಡುಗಿ ಒಂದು ಪಕ್ಕ ನಿಂತಿರಬೇಕು. ಆಮೇಲೆ ನಾಲ್ಕು ಜನರ ಮುಂದೆ, "ಹಳೇದು ಯಾವಾಗ ಕೊಡ್ತಾರಂತೆ ನಿಮ್ಮಮ್ಮ?"

ಗೃಹಲಕ್ಷ್ಮಿ ಶುರುವಾದದ್ದು 2023ರ ಆಗಸ್ಟ್ 30ರಂದು, ಮೈಸೂರಿನಲ್ಲಿ. ಹಣ ಬರುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರ ಖಾತೆಗೆ. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಮಾಡಿದೆ. ಹಾಗಾಗಿ ಈ ಮನೆಯಲ್ಲಿ ದುಡ್ಡು ಬಂದದ್ದು ಅತ್ತೆಗೆ. ಮೊದಲೆರಡು ತಿಂಗಳು ಅತ್ತೆ ಸೊಸೆ ಮಾತು ಬಿಟ್ಟಿದ್ದರಂತೆ. ಆಮೇಲೆ ಅತ್ತೆಯೇ ಒಂದು ಲೆಕ್ಕ ಹಾಕಿದರು. ಸಾವಿರದೈನೂರು ಸೊಸೆಗೆ, ಐನೂರು ತನ್ನ ಹತ್ತಿರ. ಆ ಐನೂರರಲ್ಲಿ ಬಿಪಿ ಮಾತ್ರೆ. ಅದುವರೆಗೆ ಆ ಅಜ್ಜಿ ಮಾತ್ರೆ ಬೇಗ ಮುಗಿಯಬಾರದು ಅಂತ ದಿನ ಬಿಟ್ಟು ದಿನ ನುಂಗುತ್ತಿದ್ದರು. ಮಗನಿಗೂ ಹೇಳಿರಲಿಲ್ಲ. ಈಗ ದಿನಾ ತಗೊಳ್ಳುತ್ತಾರೆ.

ಸೊಸೆ ಏಳೆಂಟು ತಿಂಗಳಲ್ಲಿ ಅಂಗಡಿಯ ಬಾಕಿ ತೀರಿಸಿದರು. ಈಗ ಸಂತೆಗೆ ಹೋಗಿ ಎರಡು ಕಡೆ ರೇಟು ಕೇಳಿ ಬೇಳೆ, ಎಣ್ಣೆ ತರುತ್ತಾರೆ. ಅದೇ ದುಡ್ಡಿಗೆ ಜಾಸ್ತಿ ಸಾಮಾನು ಬರುತ್ತದೆ. ಅಂಗಡಿಗೆ ಹೋಗು ಅಂದರೆ ಮಗಳು ಅಳುವುದಿಲ್ಲ. ಇದನ್ನು ನೀವು ಉದ್ಧಾರ ಅನ್ನುತ್ತೀರೋ ಇಲ್ಲವೋ, ನಾನಂತೂ ಅನ್ನುತ್ತೇನೆ.

ಇನ್ನು ಸೋಮಾರಿತನ. ನೀವು ಲೆಕ್ಕದ ಮೇಷ್ಟ್ರು, ನೀವೇ ಹಾಕಿ ನೋಡಿ. 2024-25ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಎರಡು ಸಾವಿರ ಅಂದರೆ ಆರು ದಿನದ ಕೂಲಿಯೂ ಆಗಲಿಲ್ಲ. ಆರು ದಿನದ ಕೂಲಿ ಇಟ್ಟುಕೊಂಡು ಯಾರಾದರೂ ಮೂವತ್ತು ದಿನ ಮನೆಯಲ್ಲಿ ಕೂರುತ್ತಾರಾ? ನಿಮ್ಮ ತೋಟಕ್ಕೆ ಬರದವರು ಮಲಗಿದ್ದಾರೆ ಅಂತ ಯಾಕೆ ಅಂದುಕೊಂಡಿರಿ? ಟಿಕೆಟ್ಟಿಲ್ಲದ ಬಸ್ಸು ಹತ್ತಿ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೊಡುವ ಕಡೆ ಹೋಗಿರಬಹುದು, ಅಲ್ವಾ? ಮನೆಯಲ್ಲಿ ನಾಲ್ಕು ದಿನದ ಅಕ್ಕಿ ಬೇಳೆ ಇದ್ದರೆ ಮನುಷ್ಯರು "ಈ ಕೂಲಿಗೆ ಬರಲ್ಲ" ಅನ್ನಬಹುದು. ಅದು ಸೋಮಾರಿತನ ಅಲ್ಲ ಮೇಷ್ಟ್ರೇ. ನೀವು ಕಾಯಿಗೆ ರೇಟು ಕುದುರಿಸುತ್ತೀರಿ, ಅವರು ಬೆವರಿಗೆ ಕುದುರಿಸುತ್ತಾರೆ.

"ಬಿಟ್ಟಿ" ಅನ್ನುವ ಪದ ಬಳಸಿದ್ದೀರಿ. ಹಳೆಯ ಶಾಸನಗಳಲ್ಲಿ ಬಿಟ್ಟಿ ಅಂದರೆ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ. ಬಿಟ್ಟಿ ಚಾಕರಿ ಅಂತ ನಮ್ಮಜ್ಜಿ ಕಾಲದವರೆಗೂ ಹೇಳುತ್ತಿದ್ದರು. ಬಡವರ ಮೈಯಿಂದ ಪುಕ್ಕಟೆಯಾಗಿ ಕಿತ್ತುಕೊಂಡದ್ದಕ್ಕೆ ಇದ್ದ ಹೆಸರನ್ನು, ಅವರ ಕೈಗೆ ನಾಲ್ಕು ಕಾಸು ಬಂದ ಕೂಡಲೇ ಅವರ ಮೇಲೇ ಎಸೆಯುತ್ತಿದ್ದೇವೆ. ನನಗೆ ತುಂಬಾ ನೋವಾಗುವುದು ಇಲ್ಲಿ. ಆ ಅಜ್ಜಿ ಐವತ್ತು ವರ್ಷ ಅಡುಗೆ ಮಾಡಿ, ನೀರು ಹೊತ್ತು, ಮೊಮ್ಮಕ್ಕಳನ್ನು ಸಾಕಿದ್ದಕ್ಕೆ ಯಾರಾದರೂ ಒಂದು ರೂಪಾಯಿ ಕೊಟ್ಟಿದ್ದರಾ?

ಇದು ಬರೀ ನಮ್ಮ ರಾಜ್ಯದ ಕಥೆಯಲ್ಲ. 2011ರಲ್ಲಿ ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ ದುಡಿಯುವ ಹೆಂಗಸರ 'ಸೇವಾ' ಸಂಘಟನೆ ಯುನಿಸೆಫ್ ನೆರವಿನಿಂದ ಒಂದು ಪ್ರಯೋಗ ಮಾಡಿತು. ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿ, ಯಾವ ಷರತ್ತೂ ಇಲ್ಲ. ಆ ಹಳ್ಳಿಗಳಲ್ಲಿ ಆಡು, ಕೋಳಿ ಹೆಚ್ಚಿದವು. ಜನ ತಮ್ಮ ತುಂಡು ಹೊಲಗಳಲ್ಲೇ ಜಾಸ್ತಿ ದುಡಿಯತೊಡಗಿದರು. ಕೈಗೆ ಕಾಸು ಬಂದರೆ ಕುಡಿದು ಹಾಳುಮಾಡುತ್ತಾರೆ ಅನ್ನುವ ಮಾತಿಗೂ ಉತ್ತರವಿದೆ. 2014ರಲ್ಲಿ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ ವಿಶ್ವ ಬ್ಯಾಂಕಿಗಾಗಿ ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ನಗದು ನೆರವಿನಿಂದ ಹೆಂಡ, ತಂಬಾಕಿನ ಖರ್ಚು ಏರುತ್ತದೆ ಅನ್ನುವುದು ಅಲ್ಲಿ ಕಾಣಲಿಲ್ಲ.

ನನ್ನ ತಕರಾರು ಬೇರೆ ಇದೆ. ಈ ದುಡ್ಡಿನ ಅರ್ಧ ಬೆಲೆ ಅದು ಬರುವ ತಾರೀಕಿನಲ್ಲಿದೆ. ಪ್ರತಿ ತಿಂಗಳು ಇಂಥ ದಿನ ಬರುತ್ತದೆ ಅಂತ ಗೊತ್ತಿದ್ದರೆ ಹೆಂಗಸರು ಚೀಟಿ ಹಾಕುತ್ತಾರೆ, ಸಂಘದ ಸಾಲದ ಕಂತು ಹೊಂದಿಸುತ್ತಾರೆ. ಆದರೆ ತಿಂಗಳುಗಟ್ಟಲೆ ನಿಂತು, ಆಮೇಲೆ ಎರಡು ಮೂರು ಕಂತು ಒಟ್ಟಿಗೆ ಬಂದದ್ದುಂಟು. ನಡುವೆ ಸಂಘದವರು ಬಾಗಿಲಿಗೆ ಬಂದು ಕೂತರೆ ಏನು ಮಾಡಬೇಕು? ಮೈಕ್ರೋ ಫೈನಾನ್ಸ್ ವಸೂಲಿಯ ಕಾಟಕ್ಕೆ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ನಮ್ಮ ಸಂಬಳ, ನಿಮ್ಮ ಪಿಂಚಣಿ ಹತ್ತು ದಿನ ತಡವಾದರೆ ನಾವು ಸುಮ್ನೆ ಇರುತ್ತೇವಾ? ಕಳೆದ ವರ್ಷ ಕಂತು ನಿಂತಾಗ ನಮ್ಮ ಪ್ರೆಸ್ಸಿನ ಆ ಹೆಂಗಸಿನ ಮನೆಯಲ್ಲಿ ಕೆಂಪು ಪುಸ್ತಕ ಮತ್ತೆ ಹೊರಗೆ ಬಂತು. ಅಜ್ಜಿಯ ಮಾತ್ರೆ ಮತ್ತೆ ದಿನ ಬಿಟ್ಟು ದಿನ ಆಯಿತು.

ಮೇಷ್ಟ್ರೇ, ಒಂದು ಕೋರಿಕೆ. ನಿಮ್ಮ ತೋಟಕ್ಕೆ ಈಗಲೂ ಬರುತ್ತಿರುವ ಹೆಂಗಸರನ್ನು ಊಟದ ಹೊತ್ತಲ್ಲಿ ಕೂರಿಸಿಕೊಂಡು ಕೇಳಿ. ಅಂಗಡಿಯಲ್ಲಿ ಉದ್ರಿ ಎಷ್ಟಿತ್ತು, ಈಗ ಎಷ್ಟಿದೆ, ಹೋದ ಕಂತು ಯಾವತ್ತು ಬಂತು, ಅದರಲ್ಲಿ ಮೊದಲು ಏನು ತಂದರು. ಹೆಸರು ಬೇಡ. ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಇದೇ ಜಾಗದಲ್ಲಿ ಅಚ್ಚು ಹಾಕುತ್ತೇನೆ.

— ಸಂಪಾದಕ